ಬಾಗಿಲಿಲ್ಲದ ವಿಶ್ರಾಂತಿ

ಎಚ್ಚರವಾದಾಗ ರೇಡಿಯೊ ಹಾಡುತ್ತಿರುತ್ತದೆ. ಹಗುರವಾದ ಮಟ್ಟು, ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ. ನೀವು ಮಲಗಿದ್ದದ್ದು ಮಂಚವೂ ಅಲ್ಲದ ಪೆಟ್ಟಿಗೆಯೂ ಅಲ್ಲದ, ಮುಚ್ಚಳವಿರುವ ಒಂದು ತೊಟ್ಟಿಲಲ್ಲಿ. ಪಕ್ಕದಲ್ಲಿ ಸಣ್ಣ ಮೇಜು, ಮೇಲೊಂದು ಕಾಫಿ ಮಗ್ಗು. ಎರಡು ಹೆಜ್ಜೆ ಆಚೆ ಕಮೋಡು. ಸುತ್ತ ಗಾಜಿನ ಗೋಡೆ, ಕಮೋಡಿಗೂ ಮರೆಯಿಲ್ಲ. ಹೊರಗೆ ಕ್ಯಾಮೆರಾ. ಬಾಗಿಲು ಎಲ್ಲಿ ಅಂತ ಒಂದು ಸುತ್ತು ಹಾಕುತ್ತೀರಿ. ಇಲ್ಲ.

ವಾಲ್ವ್ ಕಂಪನಿ 2007ರಲ್ಲಿ ತಂದ ‘ಪೋರ್ಟಲ್’ ವಿಡಿಯೊ ಗೇಮ್ ಶುರುವಾಗುವುದೇ ಹೀಗೆ. ಅಪರ್ಚರ್ ಸೈನ್ಸ್ ಎಂಬ ಪ್ರಯೋಗಾಲಯ ತನ್ನ ಪ್ರಯೋಗದ ಇಲಿಗಳನ್ನು, ಅಂದರೆ ಮನುಷ್ಯರನ್ನು, ಕೂಡಿಹಾಕುವ ಕೋಣೆ ಇದು. ಹೆಸರಲ್ಲಿ ಮಾತ್ರ ವಿಶ್ರಾಂತಿ ಇದೆ.

ಅಷ್ಟರಲ್ಲಿ ಒಂದು ಹೆಣ್ಣುದನಿ ಸ್ವಾಗತ ಕೋರುತ್ತದೆ. ಗ್ಲಾಡೋಸ್ ಎಂಬ ಯಂತ್ರ, ಎಲೆನ್ ಮೆಕ್ಲೇನ್ ಕಂಠ. ಮದುವೆಮನೆ ಬಾಗಿಲಲ್ಲಿ ಪನ್ನೀರು ಎರಚುವವರ ಮರ್ಯಾದೆ ಆ ಮಾತಿನಲ್ಲಿ. ಪೆಟ್ಟಾಗಬಹುದು, ಅದಕ್ಕಾಗಿ ದಯವಿಟ್ಟು ಇಂಥದ್ದನ್ನು ಮಾಡಬೇಡಿ ಎಂದು ಹೇಳಹೊರಟ ದನಿ ಸರಿಯಾಗಿ ಅಲ್ಲೇ ಕೆಟ್ಟು, ಸ್ಪ್ಯಾನಿಷ್‌ನಲ್ಲಿ ಏನೋ ತೊದಲಿ, ಮುಂದಕ್ಕೆ ಹಾರಿಬಿಡುತ್ತದೆ. ಏನು ಮಾಡಬಾರದಿತ್ತೋ ಅದು ನಮಗೆ ಕೊನೆಗೂ ತಿಳಿಯುವುದಿಲ್ಲ. ಇಷ್ಟು ಚೆನ್ನಾಗಿ ಬರೆದ ಬೆದರಿಕೆಯನ್ನು ನಾನು ಬೇರಾವ ಗೇಮಿನಲ್ಲೂ ಕೇಳಿಲ್ಲ.

ಮೂರು, ಎರಡು, ಒಂದು. ಗೋಡೆಯಲ್ಲಿ ಮೊಟ್ಟೆಯಾಕಾರದ ಕಂಡಿಯೊಂದು ತೆರೆಯುತ್ತದೆ. ಅದರೊಳಗೆ ಇಣುಕಿದರೆ ಕಾಣುವುದು ಇದೇ ಗಾಜಿನ ಕೋಣೆ, ಹೊರಗಿನಿಂದ. ಒಳಗೆ ಕಿತ್ತಳೆ ಬಟ್ಟೆಯ ಹೆಂಗಸೊಬ್ಬಳು ನಿಂತಿದ್ದಾಳೆ, ಕಾಲಿಗೆ ಲೋಹದ ಸ್ಪ್ರಿಂಗು. ನೀವು ಸರಿದರೆ ಅವಳೂ ಸರಿಯುತ್ತಾಳೆ. ಕೋಣೆಯಲ್ಲಿ ಕನ್ನಡಿ ಇರಲಿಲ್ಲವಲ್ಲ. ನೀವು ಚೆಲ್ ಎಂಬ ಈ ಮಾತಿಲ್ಲದ ಹೆಂಗಸು ಎಂದು ಗೊತ್ತಾಗುವುದು ಈಗಲೇ. ಒಂದು ಕಂಡಿಯಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಬೀಳುತ್ತೀರಿ ಎಂಬ ಇಡೀ ಆಟದ ಸೂತ್ರವೂ ಅದೇ ನೋಟದಲ್ಲಿ ತಲೆಗೆ ಹತ್ತುತ್ತದೆ. ಯಾರೂ ಪಾಠ ಹೇಳುವುದಿಲ್ಲ.

ಈ ಆಟದ ಬೇರು 2005ರಲ್ಲಿ ಡಿಜಿಪೆನ್ ವಿದ್ಯಾರ್ಥಿಗಳು ಮಾಡಿದ ‘ನಾರ್ಬಾಕುಲರ್ ಡ್ರಾಪ್’ನಲ್ಲಿದೆ. ಅಲ್ಲೂ ಸೆರೆಯಲ್ಲಿ ಒಬ್ಬ ಹೆಣ್ಣು: ಮಂಡಿಯೇ ಇಲ್ಲದ, ನೆಗೆಯಲಾರದ ರಾಜಕುಮಾರಿ.

‘ಪೋರ್ಟಲ್’ನ 2011ರ ಎರಡನೇ ಭಾಗದಲ್ಲಿ ಗಾಜು ಹೋಗಿ ಲಾಡ್ಜಿನ ರೂಮು ಬಂದಿದೆ. ಹಾಸಿಗೆ, ಗೋಡೆಗೊಂದು ಚಿತ್ರ, ಬಾಗಿಲು ಕೂಡ. ಸೂರು ನೋಡು, ನೆಲ ನೋಡು, ಚಿತ್ರ ನೋಡಿ ಆನಂದಿಸು, ಮಲಗು ಎಂಬ ಅಪ್ಪಣೆ. ಮತ್ತೆ ಎದ್ದಾಗ ಎಷ್ಟು ಕಾಲ ಕಳೆದಿದೆಯೋ, ಹಾಸಿಗೆಯಲ್ಲಿ ಮೈಯ ಅಚ್ಚು ಬಿದ್ದಿದೆ. ವೀಟ್ಲಿ ಎಂಬ ಗುಂಡು ಯಂತ್ರವೊಂದು ರೂಮನ್ನೇ ಕಂಬಿಯ ಮೇಲೆ ಎಳೆದುಕೊಂಡು ಹೊರಟು, ಗೋಡೆ ಕಿತ್ತುಬಂದಾಗ ಹೊರಗಿನದು ಕಾಣುತ್ತದೆ. ಬಂದರಿನ ಕಂಟೇನರುಗಳಂತೆ ಒಂದರ ಮೇಲೊಂದು ಅಂಥವೇ ರೂಮುಗಳು, ಕಣ್ಣು ಹಾಯುವವರೆಗೂ.

ಆದರೂ ನನ್ನ ಮನಸ್ಸು ಆ ಮೊದಲ ರೇಡಿಯೊ ಬಿಡುವುದಿಲ್ಲ. ಅದರ ಮಟ್ಟು ಜೊನಾಥನ್ ಕೋಲ್ಟನ್ ಬರೆದ ಹಾಡಿನದು. ಗೇಮಿನ ಕೊನೆಯಲ್ಲಿ ಅದನ್ನು ಗ್ಲಾಡೋಸೇ ಹಾಡುತ್ತಾಳೆ. ರೇಡಿಯೊವನ್ನು ಕೈಯಲ್ಲಿ ಎತ್ತಿಕೊಂಡು ಕಂಡಿ ದಾಟಬಹುದು. ನಾನೂ ಎತ್ತಿಕೊಂಡೆ. ಕಂಡಿಯಾಚೆಯ ಕೋಣೆಯ ಕೊನೆಗೆ, ಲಿಫ್ಟಿನ ಮುಂದೆ, ಮಿನುಗುವ ತೆಳು ಪರದೆಯೊಂದಿದೆ. ಅದನ್ನು ದಾಟುತ್ತಿದ್ದಂತೆ ರೇಡಿಯೊ ಕೈಯಲ್ಲೇ ಕಪ್ಪಾಗಿ ಉದುರಿಹೋಯಿತು.