3060 ತಗೊಳ್ಳೋದಾ, 4060 ತಗೊಳ್ಳೋದಾ? ಮೊದಲು ನಿಮ್ಮ ಪಿಸಿಯನ್ನೇ ಕೇಳಿ

ಪರೀಕ್ಷೆ ಮುಗಿದು ರಜೆ ಹತ್ತಿರ ಬಂತು ಅಂದರೆ ನಮ್ಮ ಕ್ಲಬ್‌ನ ಗ್ರೂಪಿನಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ: "ಹಳೇ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು, ಆರ್‌ಟಿಎಕ್ಸ್ 3060 ತಗೊಳ್ಳಲಾ, 4060 ತಗೊಳ್ಳಲಾ?" ಕೆಳಗೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. "ಹೊಸದು ಇರೋವಾಗ ಹಳೇದು ಯಾಕೆ ಗುರು?" ಅಂತ ಅರ್ಧ ಜನ, "12 ಜಿಬಿ ಬಿಟ್ಟು 8 ಜಿಬಿ ಯಾರಾದ್ರೂ ತಗೋತಾರಾ?" ಅಂತ ಇನ್ನರ್ಧ ಜನ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಅದಕ್ಕೇ ಕೇಳಿದವರಿಗೆ ಗೊಂದಲ ಇನ್ನೂ ಹೆಚ್ಚಾಗುತ್ತದೆ.

ಇಂಟರ್ನ್‌ಶಿಪ್ಪಿನ ಸ್ಟೈಪೆಂಡ್ ಉಳಿಸಿಯೋ, ಮನೆಯಲ್ಲಿ ಒಪ್ಪಿಸಿಯೋ ಕೂಡಿಸಿದ ದುಡ್ಡು ಇದು. ಒಮ್ಮೆ ಕೊಂಡರೆ ಡಿಗ್ರಿ ಮುಗಿಯುವ ತನಕ ಅದೇ ಕಾರ್ಡಿನಲ್ಲಿ ಆಟ, ಅದರಲ್ಲೇ ಫೈನಲ್ ಇಯರ್ ಪ್ರಾಜೆಕ್ಟು. ಆದ್ದರಿಂದ ಯಾರೋ ಹೇಳಿದರು ಅಂತ ಕೊಳ್ಳುವ ಬದಲು ಲೆಕ್ಕ ಹಾಕಿಯೇ ನೋಡೋಣ. ಬೇಕಾಗುವುದು ಗುಣಾಕಾರ, ಭಾಗಾಕಾರ ಅಷ್ಟೇ.

ಹೆಸರಿನೊಳಗಿನ ಅಂಕಿ

ಎನ್‌ವಿಡಿಯಾ ಕಾರ್ಡಿನ ಹೆಸರಿನಲ್ಲಿ ಮೊದಲ ಎರಡು ಅಂಕಿ ತಲೆಮಾರು, ಕೊನೆಯ ಎರಡು ಅಂಕಿ ದರ್ಜೆ. 3060 ಬಂದದ್ದು 2021ರ ಫೆಬ್ರವರಿಯಲ್ಲಿ, 4060 ಬಂದದ್ದು 2023ರ ಜೂನ್‌ನಲ್ಲಿ. ಎರಡೂ '60' ದರ್ಜೆಯವೇ. ತಲೆಮಾರು ಹೊಸದಾದ ಮಾತ್ರಕ್ಕೆ ಒಳಗಿರುವ ಎಲ್ಲವೂ ಹೆಚ್ಚಾಗಿರಬೇಕು ಅಂತೇನಿಲ್ಲ. ಇಲ್ಲಿ ಕೆಲವು ಹೆಚ್ಚಾಗಿವೆ, ಕೆಲವು ಕಡಿಮೆಯಾಗಿವೆ.

3060ರಲ್ಲಿ 3584 ಕ್ಯೂಡಾ ಕೋರ್‌ಗಳಿವೆ, ಬೂಸ್ಟ್ ವೇಗ ಸುಮಾರು 1.78 ಗಿಗಾಹರ್ಟ್ಸ್. 4060ರಲ್ಲಿ ಕೋರ್‌ಗಳು 3072 ಮಾತ್ರ, ಆದರೆ ವೇಗ 2.46 ಗಿಗಾಹರ್ಟ್ಸ್. ಒಂದು ಕೋರ್ ಒಂದು ಕ್ಲಾಕ್‌ಗೆ ಎರಡು ಲೆಕ್ಕ ಮಾಡುತ್ತದೆ. ಹಾಗಾಗಿ:

3060: 3584 × 2 × 1.78 = ಸುಮಾರು 12.7 ಟೆರಾಫ್ಲಾಪ್
4060: 3072 × 2 × 2.46 = ಸುಮಾರು 15.1 ಟೆರಾಫ್ಲಾಪ್

ವ್ಯತ್ಯಾಸ ಶೇ. 18ರ ಆಸುಪಾಸು. 1080ಪಿ ರೆಸಲ್ಯೂಶನ್‌ನಲ್ಲಿ ಹೆಚ್ಚಿನ ಆಟಗಳಲ್ಲಿ ಕಾಣುವ ವ್ಯತ್ಯಾಸವೂ ಸರಿಸುಮಾರು ಇಷ್ಟೇ. ಅಂದರೆ 3060 ಒಂದು ಆಟದಲ್ಲಿ 60 ಫ್ರೇಮ್ ಕೊಟ್ಟರೆ 4060 ಅದೇ ಆಟದಲ್ಲಿ 70ರ ಹತ್ತಿರ ಕೊಡಬಹುದು. ಚೆನ್ನಾಗಿದೆ, ಆದರೆ ಆಕಾಶ ಭೂಮಿ ವ್ಯತ್ಯಾಸವೇನಲ್ಲ.

ಮೆಮೊರಿ ತುಂಬಿದಾಗ ಏನಾಗುತ್ತದೆ

ಈಗ ಉಲ್ಟಾ ಹೊಡೆಯುವ ಭಾಗಕ್ಕೆ ಬರೋಣ. 3060ರಲ್ಲಿ 12 ಜಿಬಿ ಮೆಮೊರಿ, 192 ಬಿಟ್ ಬಸ್. 4060ರಲ್ಲಿ 8 ಜಿಬಿ, 128 ಬಿಟ್ ಬಸ್. ಬಸ್ ಅಗಲವನ್ನು ಮೆಮೊರಿ ವೇಗದಿಂದ ಗುಣಿಸಿ 8ರಿಂದ ಭಾಗಿಸಿದರೆ ಬ್ಯಾಂಡ್‌ವಿಡ್ತ್ ಸಿಗುತ್ತದೆ:

3060: 192 × 15 ÷ 8 = ಸೆಕೆಂಡಿಗೆ 360 ಜಿಬಿ
4060: 128 × 17 ÷ 8 = ಸೆಕೆಂಡಿಗೆ 272 ಜಿಬಿ

ಹೊಸ ಕಾರ್ಡಿನ ಬ್ಯಾಂಡ್‌ವಿಡ್ತ್ ಹಳೆಯದಕ್ಕಿಂತ ಕಡಿಮೆ! ಆದರೂ ಅದು ಮುಂದಿರುವುದು ಹೇಗೆ? ಅದರ ಎಲ್2 ಕ್ಯಾಶ್ 24 ಎಂಬಿ ಇದೆ, 3060ರಲ್ಲಿ ಇರುವುದು 3 ಎಂಬಿ. ಮತ್ತೆ ಮತ್ತೆ ಬೇಕಾಗುವ ಡೇಟಾ ಚಿಪ್ಪಿನೊಳಗೇ ಸಿಕ್ಕಿಬಿಟ್ಟರೆ ಮೆಮೊರಿಯ ಬಾಗಿಲು ತಟ್ಟುವ ಸಂದರ್ಭವೇ ಕಡಿಮೆ. ಅಡುಗೆಮನೆಯ ಡಬ್ಬಿಯಲ್ಲೇ ಅಕ್ಕಿ ಇದ್ದರೆ ಉಗ್ರಾಣಕ್ಕೆ ಓಡಬೇಕಿಲ್ಲ ಅಂದಹಾಗೆ.

ಆದರೆ ಕ್ಯಾಶ್ ಎಷ್ಟೇ ಇರಲಿ, ಅದು ಉಗ್ರಾಣವನ್ನು ದೊಡ್ಡದು ಮಾಡುವುದಿಲ್ಲ. ಆಟಕ್ಕೆ 9 ಜಿಬಿ ಬೇಕಾಗಿ ಕಾರ್ಡಿನಲ್ಲಿ 8 ಜಿಬಿ ಮಾತ್ರ ಇದ್ದರೆ ಮಿಕ್ಕ 1 ಜಿಬಿ ಮದರ್‌ಬೋರ್ಡಿನ ರ‍್ಯಾಮ್‌ನಲ್ಲಿ ಕೂರುತ್ತದೆ. ಬೇಕಾದಾಗಲೆಲ್ಲ ಅದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಮೂಲಕ ಬರಬೇಕು. ಜನ ಸಾಮಾನ್ಯವಾಗಿ ಮರೆಯುವ ವಿಷಯ ಇಲ್ಲೇ ಇದೆ.

ಸ್ಲಾಟಿನ ಲೆಕ್ಕ

3060 ಸ್ಲಾಟಿನ 16 ಲೇನ್‌ಗಳನ್ನೂ ಬಳಸುತ್ತದೆ. 4060 ಬಳಸುವುದು 8 ಲೇನ್ ಮಾತ್ರ. ಸ್ಲಾಟ್ ನೋಡಲು ಉದ್ದವಾಗಿಯೇ ಇರುತ್ತದೆ, ಕಾರ್ಡೂ ಸಲೀಸಾಗಿ ಕೂರುತ್ತದೆ, ಆದರೆ ಅರ್ಧ ದಾರಿ ಖಾಲಿ. ಪಿಸಿಐ ಎಕ್ಸ್‌ಪ್ರೆಸ್ 4.0 ಇರುವ ಬೋರ್ಡಿನಲ್ಲಿ 8 ಲೇನ್ ಅಂದರೆ ಸೆಕೆಂಡಿಗೆ ಸುಮಾರು 16 ಜಿಬಿ. 3.0 ಬೋರ್ಡಿನಲ್ಲಿ ಅದು ಸುಮಾರು 8 ಜಿಬಿಗೆ ಇಳಿಯುತ್ತದೆ.

60 ಫ್ರೇಮ್‌ನಲ್ಲಿ ಆಡುವಾಗ ಒಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. 1 ಜಿಬಿ ಡೇಟಾ ಕಾರ್ಡಿನ ಸ್ವಂತ ಮೆಮೊರಿಯಿಂದ ಬರಲು 4 ಮಿಲಿಸೆಕೆಂಡೂ ಬೇಡ. 4.0 ಸ್ಲಾಟಿನ ಮೂಲಕವಾದರೆ ಸುಮಾರು 62 ಮಿಲಿಸೆಕೆಂಡ್. 3.0 ಸ್ಲಾಟಿನ ಮೂಲಕವಾದರೆ 125, ಅಂದರೆ ಏಳು ಫ್ರೇಮಿನಷ್ಟು ಕಾಲ. ನಿಜವಾದ ಆಟದಲ್ಲಿ ಇಡೀ 1 ಜಿಬಿ ಒಂದೇ ಏಟಿಗೆ ಸಾಗುವುದಿಲ್ಲ, ಡ್ರೈವರ್ ಚೂರು ಚೂರಾಗಿ ತರುತ್ತದೆ. ಆದರೆ ಸರಾಸರಿ ಫ್ರೇಮ್ ಚೆನ್ನಾಗಿಯೇ ತೋರಿಸುತ್ತಿದ್ದರೂ ನಡುನಡುವೆ ಆಟ ಜರ್ಕ್ ಹೊಡೆಯುವುದು ಯಾಕೆ ಅನ್ನುವುದಕ್ಕೆ ಇದೇ ಉತ್ತರ.

ಹಾಗಾದರೆ ನಿಮ್ಮ ಬೋರ್ಡ್ ಯಾವುದು? ಇಂಟೆಲ್ 10ನೇ ತಲೆಮಾರು ಮತ್ತು ಅದಕ್ಕಿಂತ ಹಿಂದಿನವು 3.0 ಅಥವಾ ಅದಕ್ಕಿಂತ ಹಳೆಯದು. ಎಎಂಡಿಯಲ್ಲಿ ಎ320, ಬಿ450 ಬೋರ್ಡ್‌ಗಳು 3.0. ಇನ್ನೊಂದು ಸೂಕ್ಷ್ಮ ಇದೆ. "ಸದ್ಯಕ್ಕೆ ಕಾರ್ಡ್ ಬೇಡ, ಆಮೇಲೆ ಹಾಕೋಣ" ಅಂತ ರೈಜನ್ 5 5600ಜಿ ಹಾಕಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಪ್ರೊಸೆಸರ್ 3.0 ಮಾತ್ರ ಕೊಡುತ್ತದೆ. ಅದನ್ನು ಬಿ550 ಬೋರ್ಡಿನಲ್ಲಿ ಕೂರಿಸಿದರೂ ಕಾರ್ಡಿಗೆ ಸಿಗುವುದು 3.0 ಅಷ್ಟೇ.

ಇದನ್ನು ಓದಿ ಗಾಬರಿ ಆಗಬೇಡಿ. ಮೆಮೊರಿ 8 ಜಿಬಿಯೊಳಗೇ ಇದ್ದರೆ 3.0 ಬೋರ್ಡಿನಲ್ಲೂ 4060ಗೆ ಆಗುವ ನಷ್ಟ ಸಾಮಾನ್ಯವಾಗಿ ಸಣ್ಣದು. ಮೆಮೊರಿ ಉಕ್ಕುವುದು ಮತ್ತು ಸ್ಲಾಟ್ ಹಳೆಯದಾಗಿರುವುದು ಎರಡೂ ಒಟ್ಟಿಗೆ ಸೇರಿದಾಗ ಮಾತ್ರ ಕಷ್ಟ.

ನೀವು ಆಡುವ ಆಟ ಯಾವುದು?

ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಥರದ ಆಟಗಳಿಗೆ 1080ಪಿಯಲ್ಲಿ 8 ಜಿಬಿ ಧಾರಾಳ. ಅಲ್ಲಿ ಕಾರ್ಡಿಗಿಂತ ಪ್ರೊಸೆಸರ್ ಮೇಲೆ ಹೊರೆ ಹೆಚ್ಚು. ಆದರೆ 2023ರಲ್ಲಿ ಪಿಸಿಗೆ ಬಂದ ಹಾಗ್ವರ್ಟ್ಸ್ ಲೆಗಸಿ, ದಿ ಲಾಸ್ಟ್ ಆಫ್ ಅಸ್ ಭಾಗ 1 ಥರದವನ್ನು ಅಲ್ಟ್ರಾ ಟೆಕ್ಸ್ಚರ್‌ನಲ್ಲಿ ಆಡುತ್ತೇನೆ ಅಂದರೆ 8 ಜಿಬಿ ಇಕ್ಕಟ್ಟಾಗುತ್ತದೆ. ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಇಳಿಸಲು ನಿಮಗೆ ಒಪ್ಪಿಗೆಯೇ ಅನ್ನುವುದು ನಿಮಗೆ ಬಿಟ್ಟದ್ದು.

4060ಗೆ ಇನ್ನೊಂದು ಬಲ ಇದೆ. ಡಿಎಲ್‌ಎಸ್‌ಎಸ್ 3ರ ಫ್ರೇಮ್ ಜನರೇಶನ್ 3060ರಲ್ಲಿ ಇಲ್ಲ. ಎರಡು ನಿಜವಾದ ಫ್ರೇಮುಗಳ ನಡುವೆ ಕಾರ್ಡೇ ಒಂದು ಫ್ರೇಮ್ ಊಹಿಸಿ ಸೇರಿಸುತ್ತದೆ. ಮೀಟರಿನಲ್ಲಿ ಸಂಖ್ಯೆ ಜಿಗಿಯುತ್ತದೆ. ಆದರೆ ನಡುವಿನ ಫ್ರೇಮ್ ಊಹಿಸಲು ಮುಂದಿನ ಫ್ರೇಮ್ ಮೊದಲೇ ಸಿದ್ಧವಾಗಿರಬೇಕಲ್ಲ? ಹಾಗಾಗಿ ತುಸು ವಿಳಂಬ ಸೇರಿಕೊಳ್ಳುತ್ತದೆ. ಮೂಲದಲ್ಲೇ 60ರ ಹತ್ತಿರ ಇದ್ದರೆ ಇದು ನುಣುಪಾಗಿ ಕಾಣುತ್ತದೆ. 25ರಲ್ಲಿ ಕುಂಟುತ್ತಿರುವ ಆಟ ಇದರಿಂದ ಓಡಲಾರದು, ಮೌಸ್ ಭಾರ ಅನ್ನಿಸುತ್ತದೆ. ಮೇಲಾಗಿ ಈ ಕೆಲಸಕ್ಕೂ ಸ್ವಲ್ಪ ಮೆಮೊರಿ ಬೇಕು. ಡಿಎಲ್‌ಎಸ್‌ಎಸ್‌ನ ಅಪ್‌ಸ್ಕೇಲಿಂಗ್ ಭಾಗ ಎರಡೂ ಕಾರ್ಡಿನಲ್ಲಿ ಕೆಲಸ ಮಾಡುತ್ತದೆ. ಎಎಂಡಿಯ ಎಫ್‌ಎಸ್‌ಆರ್ 3 ಇರುವ ಆಟಗಳಲ್ಲಿ 3060ರಲ್ಲೂ ಫ್ರೇಮ್ ಜನರೇಶನ್ ಸಿಗುತ್ತದೆ.

ಆಟ ಬಿಟ್ಟು ಪ್ರಾಜೆಕ್ಟಿಗೆ ಬಂದರೆ

"ಕಾರ್ಡ್ ಪ್ರಾಜೆಕ್ಟಿಗೆ ಬೇಕು" ಅಂತ ಮನೆಯಲ್ಲಿ ಹೇಳಿಯೇ ಅಲ್ಲವೇ ನಾವೆಲ್ಲ ದುಡ್ಡು ಕೇಳುವುದು! ಆ ಮಾತು ನಿಜವೇ ಆಗಿದ್ದರೆ ಲೆಕ್ಕ ಬದಲಾಗುತ್ತದೆ.

700 ಕೋಟಿ ಪ್ಯಾರಾಮೀಟರಿನ ಒಂದು ಭಾಷಾ ಮಾದರಿ ಓಡಿಸಬೇಕು ಅಂದುಕೊಳ್ಳಿ. 16 ಬಿಟ್‌ನಲ್ಲಿ ಪ್ರತಿ ಪ್ಯಾರಾಮೀಟರಿಗೆ 2 ಬೈಟ್, ಒಟ್ಟು 14 ಜಿಬಿ. ಎರಡೂ ಕಾರ್ಡಿಗೆ ಆಗುವುದಿಲ್ಲ. 8 ಬಿಟ್‌ಗೆ ಇಳಿಸಿದರೆ 7 ಜಿಬಿ. ಅದರ ಮೇಲೆ ಸಂಭಾಷಣೆಯ ಕ್ಯಾಶ್, ವಿಂಡೋಸ್ ಡಿಸ್‌ಪ್ಲೇ ತಿನ್ನುವ ಪಾಲು ಸೇರಿದರೆ 8 ಜಿಬಿಯಲ್ಲಿ ಉಸಿರು ಕಟ್ಟುತ್ತದೆ, 12 ಜಿಬಿಯಲ್ಲಿ ಆರಾಮಾಗಿ ಕೂರುತ್ತದೆ. 4 ಬಿಟ್ ಆದರೆ 3.5 ಜಿಬಿ, ಎರಡರಲ್ಲೂ ಸರಿ.

ಟ್ರೇನಿಂಗ್ ಆದರೆ ಗ್ರೇಡಿಯಂಟ್, ಆಪ್ಟಿಮೈಜರ್ ಎಲ್ಲಕ್ಕೂ ಜಾಗ ಬೇಕು, ಹಾಗಾಗಿ ಮೆಮೊರಿಯ ಹಸಿವು ಇನ್ನೂ ಜಾಸ್ತಿ. ಆಟದಲ್ಲಿ ಮೆಮೊರಿ ಸಾಲದಿದ್ದರೆ ಜರ್ಕ್ ಹೊಡೆಯುತ್ತದೆ, ಆದರೂ ನಡೆಯುತ್ತದೆ. ಪೈಟಾರ್ಚ್‌ನಲ್ಲಿ ಸಾಲದಿದ್ದರೆ ಸಾಮಾನ್ಯವಾಗಿ ಪ್ರೋಗ್ರಾಮ್ ಎರರ್ ಕೊಟ್ಟು ಅಲ್ಲೇ ನಿಂತುಬಿಡುತ್ತದೆ. ಶೇ. 18 ನಿಧಾನವಾದರೆ ಒಂದು ಚಹಾ ಕುಡಿದು ಬರಬಹುದು. ಓಡದೇ ಇರುವುದಕ್ಕೆ ಏನು ಮಾಡುವುದು? ಬ್ಲೆಂಡರ್‌ನಲ್ಲಿ ದೊಡ್ಡ ದೃಶ್ಯ ರೆಂಡರ್ ಮಾಡುವವರಿಗೂ ಇದೇ ಮಾತು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಗೂಗಲ್ ಕೊಲ್ಯಾಬ್‌ನಲ್ಲಿ ಉಚಿತವಾಗಿ ಸಿಗುವ ಟಿ4 ಕಾರ್ಡಿಗೆ 16 ಜಿಬಿ ಮೆಮೊರಿ ಇದೆ. ಸಮಯದ ಮಿತಿ ಇದೆ, ಬೇಕೆಂದಾಗ ಸಿಕ್ಕೇ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಆದರೂ ವರ್ಷಕ್ಕೆ ಒಂದು ಮಿನಿ ಪ್ರಾಜೆಕ್ಟ್ ಮಾಡುವವರಿಗೆ ಅಷ್ಟೇ ಸಾಕು. ಅಂಥವರು ಪ್ರಾಜೆಕ್ಟಿನ ನೆಪ ಬಿಟ್ಟು ಆಟಕ್ಕೆ ಯಾವುದು ಒಳ್ಳೆಯದೋ ಅದನ್ನೇ ನೋಡಬಹುದು.

ಕರೆಂಟು, ಪವರ್ ಸಪ್ಲೈ

3060 ಗರಿಷ್ಠ 170 ವ್ಯಾಟ್ ಎಳೆಯುತ್ತದೆ, 4060 ಎಳೆಯುವುದು 115. ದಿನಕ್ಕೆ 4 ಗಂಟೆಯಂತೆ ವರ್ಷಕ್ಕೆ 300 ದಿನ ಆಡಿದರೆ 55 × 4 × 300 = 66 ಯೂನಿಟ್ ವ್ಯತ್ಯಾಸ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ವರ್ಷಕ್ಕೆ 462 ರೂಪಾಯಿ. ಬಿಲ್ಲಿನ ಮಟ್ಟಿಗೆ ಇದು ದೊಡ್ಡದೇನಲ್ಲ. ಬೇಸಿಗೆಯಲ್ಲಿ ಸಣ್ಣ ರೂಮಿನೊಳಗೆ ಆ 55 ವ್ಯಾಟ್ ಬಿಸಿ ಗಾಳಿಯಾಗಿ ಬರುವುದು ಮಾತ್ರ ಗೊತ್ತಾಗುತ್ತದೆ.

ಎರಡಕ್ಕೂ ಎನ್‌ವಿಡಿಯಾ ಹೇಳುವುದು 550 ವ್ಯಾಟ್ ಪವರ್ ಸಪ್ಲೈ. ಹೆಚ್ಚಿನ ಮಾದರಿಗಳಿಗೆ ಒಂದು 8 ಪಿನ್ ಕನೆಕ್ಟರ್ ಬೇಕು. ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ ಕೊಂಡವರು ಇದನ್ನು ಮೊದಲೇ ನೋಡಬೇಕು, ಅಂಥ ಪಿಸಿಗಳಲ್ಲಿ ಎಷ್ಟೋ ಸಲ ಆ ಕನೆಕ್ಟರೇ ಇರುವುದಿಲ್ಲ. ಪವರ್ ಸಪ್ಲೈ ಕೂಡ ಬದಲಿಸಬೇಕಾದರೆ ಆ ಖರ್ಚನ್ನು ಕಾರ್ಡಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ. ಅಡಾಪ್ಟರ್ ಸಿಕ್ಕಿಸಿ ಸುಧಾರಿಸುವ ಯೋಚನೆ ಬೇಡ.

ಕೊಳ್ಳುವ ಮುಂಚೆ ಐದು ನಿಮಿಷದ ಪರೀಕ್ಷೆ

ಈಗಾಗಲೇ ಒಂದು ಹಳೇ ಕಾರ್ಡ್ ಇದ್ದರೆ ಹೀಗೆ ಮಾಡಿ. ನಿಮ್ಮ ಆಟವನ್ನು 1080ಪಿಯಲ್ಲಿ ಓಡಿಸಿ ಫ್ರೇಮ್ ಬರೆದಿಟ್ಟುಕೊಳ್ಳಿ. ಆಮೇಲೆ ರೆಸಲ್ಯೂಶನ್ 720ಪಿಗೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಫ್ರೇಮ್ ಚೆನ್ನಾಗಿ ಏರಿದರೆ ತಡೆಯುತ್ತಿರುವುದು ಕಾರ್ಡು, ಹೊಸದು ಕೊಂಡರೆ ಪ್ರಯೋಜನ ಇದೆ. ಏರದೇ ಅಲ್ಲೇ ನಿಂತರೆ ತಡೆಯುತ್ತಿರುವುದು ಪ್ರೊಸೆಸರ್. ಆಗ 3060, 4060 ಯಾವುದು ಹಾಕಿದರೂ ದುಡ್ಡು ನೀರಲ್ಲಿ ಹಾಕಿದಂತೆ. ಮಾನಿಟರ್ ಕೂಡ ನೋಡಿಕೊಳ್ಳಿ. 60 ಹರ್ಟ್ಸ್ ಪರದೆ ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸಲಾರದು.

ಅಂಗಡಿಯಲ್ಲಿ

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಆನ್‌ಲೈನ್‌ನಲ್ಲಿ ತರಿಸಿ, 3060 ಅಂದಾಗ "12 ಜಿಬಿ ತಾನೇ?" ಅಂತ ಬಾಕ್ಸ್ ನೋಡಿಯೇ ಖಾತ್ರಿ ಮಾಡಿಕೊಳ್ಳಿ. ಅದೇ ಹೆಸರಿನಲ್ಲಿ 8 ಜಿಬಿ, 128 ಬಿಟ್ ಬಸ್ ಇರುವ ಮಾದರಿಯೂ ಬಂದಿದೆ. ಅದನ್ನು ಕೊಂಡರೆ ಹಳೆಯದರ ಲಾಭವೂ ಇಲ್ಲ, ಹೊಸದರ ಲಾಭವೂ ಇಲ್ಲ.

ಸೆಕೆಂಡ್ ಹ್ಯಾಂಡ್ ಆದರೆ, 2022ರ ಸೆಪ್ಟೆಂಬರ್ ತನಕ ಎಥೀರಿಯಂ ಮೈನಿಂಗ್‌ನಲ್ಲಿ ಹಗಲು ರಾತ್ರಿ ದುಡಿದ ಕಾರ್ಡುಗಳೂ ಮಾರುಕಟ್ಟೆಯಲ್ಲಿವೆ ಅನ್ನುವುದು ನೆನಪಿರಲಿ. ಮಾರುವವರ ಪಿಸಿಯಲ್ಲೇ 20 ನಿಮಿಷ ಭಾರದ ಆಟ ಓಡಿಸಿ, ಫ್ಯಾನ್ ಸದ್ದು ಕೇಳಿ, ಬಿಸಿ ಎಷ್ಟಕ್ಕೆ ನಿಲ್ಲುತ್ತದೆ ನೋಡಿ, ಪರದೆಯಲ್ಲಿ ಚುಕ್ಕಿ ಗೆರೆ ಬಂದರೆ ಎದ್ದು ಬನ್ನಿ. ಜಿಪಿಯು-ಜಡ್ ತಂತ್ರಾಂಶದಲ್ಲಿ ಮೆಮೊರಿ, ಬಸ್ ಅಗಲ ಎರಡೂ ತಾಳೆಯಾಗಬೇಕು. ಹಳೇ ಬಿಲ್ ಕೇಳಿ ಪಡೆಯಿರಿ, ಸೀರಿಯಲ್ ನಂಬರ್ ಹಾಕಿ ವಾರಂಟಿ ಉಳಿದಿದೆಯೇ ನೋಡಿ.

ಹಾಗಾದರೆ ಯಾವುದು?

• ಬೋರ್ಡ್ 4.0, ಪರದೆ 1080ಪಿ, ಕೆಲಸ ಮುಖ್ಯವಾಗಿ ಆಟ: 4060. ವೇಗ ಹೆಚ್ಚು, ಬಿಸಿ ಕಡಿಮೆ.
• ಬೋರ್ಡ್ 3.0, ಆದರೆ ಆಡುವುದು ವ್ಯಾಲೊರಂಟ್ ಥರದ್ದು: ಆಗಲೂ 4060 ನಡೆಯುತ್ತದೆ. ಮೊದಲು ಪ್ರೊಸೆಸರ್ ಪರೀಕ್ಷೆ ಮಾಡಿ.
• ಬೋರ್ಡ್ 3.0, ದೊಡ್ಡ ಆಟಗಳನ್ನು ಹೈ ಟೆಕ್ಸ್ಚರ್‌ನಲ್ಲಿ ಆಡಬೇಕು: 3060, 12 ಜಿಬಿಯದ್ದು.
• ವಾರವಾರವೂ ಮಷಿನ್ ಲರ್ನಿಂಗ್, ಬ್ಲೆಂಡರ್: ಬೋರ್ಡ್ ಯಾವುದೇ ಇರಲಿ, 12 ಜಿಬಿಯ 3060.
• ಎರಡರ ಬೆಲೆಯೂ ಒಂದೇ, ಕೆಲಸವೂ ಅರ್ಧ ಅರ್ಧ: ನಮ್ಮ ಓಟು 12 ಜಿಬಿಗೆ. ಸೆಟ್ಟಿಂಗ್ ಇಳಿಸಿ ವೇಗ ಪಡೆಯಬಹುದು, ಸೆಟ್ಟಿಂಗ್ ಬದಲಿಸಿ ಮೆಮೊರಿ ಹುಟ್ಟಿಸಲು ಆಗದು.

ಈ ಎರಡು ಕಾರ್ಡುಗಳು ಅಂಗಡಿಯಿಂದ ಮರೆಯಾದ ಮೇಲೂ ಪ್ರಶ್ನೆ ಉಳಿಯುತ್ತದೆ. 2025ರ ಮೇ ತಿಂಗಳಲ್ಲಿ ಬಂದ 5060 ಕೂಡ 8 ಜಿಬಿಯದ್ದೇ, ಅದೂ 8 ಲೇನಿನದ್ದೇ. ಬ್ಯಾಂಡ್‌ವಿಡ್ತ್ 448 ಜಿಬಿಗೆ ಏರಿದೆ, ಉಗ್ರಾಣ ಅಷ್ಟೇ ಇದೆ. ಹಾಗಾಗಿ ಹೆಸರು ಯಾವುದೇ ಇರಲಿ, ಮೆಮೊರಿ ಎಷ್ಟು, ಲೇನ್ ಎಷ್ಟು, ನನ್ನ ಬೋರ್ಡ್ ಯಾವುದು, ನನ್ನ ಕೆಲಸ ಏನು ಅನ್ನುವ ನಾಲ್ಕು ಪ್ರಶ್ನೆ ಕೇಳಿಯೇ ದುಡ್ಡು ಕೊಡಿ.

ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ ಕಾರ್ಡಿಗೇ ಸಿಕ್ಕಿಸಿ. ಹಳೇ ಅಭ್ಯಾಸಬಲದಿಂದ ಮದರ್‌ಬೋರ್ಡಿಗೆ ಸಿಕ್ಕಿಸಿ "ಕಾರ್ಡ್ ಕೆಲಸ ಮಾಡ್ತಿಲ್ಲ" ಅನ್ನುವವರು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇರುತ್ತಾರೆ!