ಗೃಹಬಳಕೆಯಲ್ಲಿ ಇಂಧನ ಉಳಿತಾಯ

ಗೃಹಬಳಕೆಯ ಇಂಧನ ಉಳಿತಾಯವೆಂದರೆ ಅಡುಗೆ, ಸ್ನಾನ, ಬೆಳಕು, ನೀರು ಮೊದಲಾದ ಮನೆಯ ಅಗತ್ಯಗಳನ್ನು ಮೊಟಕುಗೊಳಿಸದೆ, ಅವುಗಳಿಗೆ ವ್ಯಯವಾಗುವ ವಿದ್ಯುತ್ತು, ಅನಿಲ ಮತ್ತು ಸೌದೆಯ ಪ್ರಮಾಣವನ್ನು ತಗ್ಗಿಸುವುದು. ಈ ವಿಷಯ ಬಂದಾಗ ದೀಪ ಆರಿಸುವುದೇ ಎಲ್ಲರಿಗೂ ಮೊದಲು ನೆನಪಾಗುತ್ತದೆ. ಲೆಕ್ಕ ಹಾಕಿ ನೋಡಿದರೆ, ಕಾಯಿಸುವ ಮತ್ತು ಬೇಯಿಸುವ ಕೆಲಸಗಳೇ ಹೆಚ್ಚು ಇಂಧನವನ್ನು ಬೇಡುತ್ತವೆ. ಆದ್ದರಿಂದ ಬಚ್ಚಲುಮನೆ ಮತ್ತು ಅಡುಗೆಮನೆಗಳಲ್ಲಿ ಉಳಿತಾಯಕ್ಕೆ ಅವಕಾಶ ಹೆಚ್ಚು.

ಅಳತೆಯ ಮಾನ

ವಿದ್ಯುತ್ ಬಳಕೆಯನ್ನು ಯೂನಿಟ್‌ಗಳಲ್ಲಿ ಅಳೆಯುತ್ತಾರೆ. 1,000 ವ್ಯಾಟ್ ಸಾಮರ್ಥ್ಯದ ಉಪಕರಣವು ಒಂದು ಗಂಟೆ ನಡೆದರೆ 1 ಯೂನಿಟ್ ಖರ್ಚಾಗುತ್ತದೆ. 2,000 ವ್ಯಾಟ್‌ನ ಗೀಸರಿಗೆ ಇದಕ್ಕೆ ಅರ್ಧ ಗಂಟೆ ಸಾಕು. 9 ವ್ಯಾಟ್‌ನ ಎಲ್‌ಇಡಿ ಬಲ್ಬಿಗೆ ಸುಮಾರು 111 ಗಂಟೆ ಬೇಕು.

ಸ್ನಾನದ ನೀರು

15 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ವಿದ್ಯುತ್ತು ಬೇಕು. ಮೈಗೆ ಹಿತವಾದ ಬಿಸಿ 40 ಡಿಗ್ರಿಯ ಆಸುಪಾಸಿನದು. 60 ಡಿಗ್ರಿಗೆ ಕಾಯಿಸಿದ ನೀರಿಗೆ ತಣ್ಣೀರು ಬೆರೆಸಿಕೊಳ್ಳುವುದರಿಂದ ಆ ಶಾಖವೇನೂ ನಷ್ಟವಾಗುವುದಿಲ್ಲ. ನಷ್ಟವಾಗುವುದು ಕಾದ ನೀರನ್ನು ಬಳಸದೆ ಬಿಟ್ಟಾಗ. ತೊಟ್ಟಿಯುಳ್ಳ ಗೀಸರನ್ನು ಇಡೀ ದಿನ ಚಾಲೂ ಇಟ್ಟರೆ, ಗೋಡೆಯ ಮೂಲಕ ಸೋರಿದ ಶಾಖವನ್ನು ತುಂಬಲು ಅದು ಮತ್ತೆ ಮತ್ತೆ ವಿದ್ಯುತ್ತನ್ನು ಎಳೆಯುತ್ತದೆ. ಮನೆಮಂದಿ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಈ ನಷ್ಟ ತಪ್ಪುತ್ತದೆ. ಕೊಳವೆಬಾವಿಯ ಗಡಸು ನೀರು ಬಳಸುವ ಊರುಗಳಲ್ಲಿ ಗೀಸರಿನ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿಕೊಂಡು ನೀರು ಕಾಯುವುದು ತಡವಾಗುತ್ತದೆ. ಆಗಾಗ ಅದನ್ನು ಬಿಚ್ಚಿಸಿ ಶುಚಿಗೊಳಿಸಬೇಕು.

ಬಿಸಿಲು ಧಾರಾಳವಾಗಿರುವ ಬಯಲುಸೀಮೆಗೆ ಸೌರ ಜಲತಾಪಕವು ಹೇಳಿಮಾಡಿಸಿದಂತಿದೆ. ಬೆಂಗಳೂರು, ಮೈಸೂರುಗಳ ತಾರಸಿಗಳ ಮೇಲೆ ಇದು ಸಾಮಾನ್ಯ ನೋಟ. ಆದರೆ ಮಳೆಗಾಲಕ್ಕೆಂದು ಅದರಲ್ಲಿ ಅಳವಡಿಸಿದ ವಿದ್ಯುತ್ ಕಾಯಿಲನ್ನು ಬೇಸಿಗೆಯಲ್ಲೂ ಆರಿಸದೆ ಬಿಟ್ಟರೆ ಸೌರಶಕ್ತಿಯಿಂದ ಆಗುವ ಪ್ರಯೋಜನ ಬಹುಪಾಲು ವ್ಯರ್ಥವಾಗುತ್ತದೆ. ತಾರಸಿಯಿಂದ ಬಚ್ಚಲಿನವರೆಗಿನ ಪೈಪು ಉದ್ದವಾಗಿದ್ದಷ್ಟೂ ಬಿಸಿನೀರು ಬರುವ ಮುನ್ನ ತಣ್ಣೀರು ಹರಿದುಹೋಗುತ್ತದೆ. ಅದನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಬಟ್ಟೆ ಒಗೆಯಲು ಬಳಸಬಹುದು. ಮಲೆನಾಡಿನಲ್ಲಿ ಆಷಾಢ, ಶ್ರಾವಣಗಳ ಮೋಡದಡಿ ಸೌರ ಜಲತಾಪಕವನ್ನೇ ನೆಚ್ಚಿ ಕೂರುವಂತಿಲ್ಲ. ಅಲ್ಲಿ ಅಡಕೆ ಸಿಪ್ಪೆ, ತೆಂಗಿನ ಮಟ್ಟೆಗಳನ್ನು ಉರಿಸಿ ಹಂಡೆಯಲ್ಲಿ ನೀರು ಕಾಯಿಸುವ ರೂಢಿ ಇಂದಿಗೂ ಇದೆ. ತೋಟದಲ್ಲಿ ಉಳಿಯುವ ವಸ್ತುವೇ ಇಲ್ಲಿ ಇಂಧನವಾಗುವುದರಿಂದ ಇದನ್ನು ಹಳೆಯ ಕಾಲದ ಪದ್ಧತಿ ಎಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಹೊಗೆ ಹೊರಹೋಗಲು ದಾರಿ ಇರಲೇಬೇಕು.

ಅಡುಗೆ

ನೀರು ಒಮ್ಮೆ ಕುದಿಯಲು ತೊಡಗಿದ ಮೇಲೆ ಎಷ್ಟೇ ಉರಿ ಹೆಚ್ಚಿಸಿದರೂ ತೆರೆದ ಪಾತ್ರೆಯಲ್ಲಿ ಅದರ ಉಷ್ಣತೆ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲ ಆವಿಯಾಗಿ ಹೋಗುತ್ತದೆ. ಒಂದು ಲೀಟರ್ ನೀರನ್ನು ಪೂರ್ತಿ ಆವಿಯಾಗಿಸಲು, ಅದನ್ನು 25 ಡಿಗ್ರಿಯಿಂದ ಕುದಿಬಿಂದುವಿಗೆ ತರಲು ಬೇಕಾದುದಕ್ಕಿಂತ ಸುಮಾರು ಏಳು ಪಟ್ಟು ಶಾಖ ಬೇಕು. ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಮುಚ್ಚಬೇಕೆಂಬ ಹಿರಿಯರ ಮಾತಿಗೆ ಇದೇ ಆಧಾರ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ಇನ್ನಷ್ಟು ನಿಧಾನ. ಕುಕ್ಕರಿನಲ್ಲಿ ಒತ್ತಡದಿಂದಾಗಿ ಉಷ್ಣತೆ 120 ಡಿಗ್ರಿಯ ಹತ್ತಿರಕ್ಕೆ ಏರಿ ಸಮಯವೂ ಅನಿಲವೂ ಉಳಿಯುತ್ತವೆ. ಹುರುಳಿ, ಕಡಲೆ, ಅವರೆಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಿದರೆ ಬೇಯುವ ಸಮಯ ಮತ್ತೂ ಕಡಿಮೆಯಾಗುತ್ತದೆ.

ಸೌದೆ ಒಲೆಯ ಸುಧಾರಣೆಯಲ್ಲಿ ಕರ್ನಾಟಕದ ಕೊಡುಗೆ ಉಲ್ಲೇಖಾರ್ಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಘಟಕ ಆರಂಭವಾಯಿತು. ಅದು ರೂಪಿಸಿದ 'ಅಸ್ತ್ರ ಒಲೆ'ಯಲ್ಲಿ ಒಂದೇ ಉರಿಗೆ ಮೂರು ಪಾತ್ರೆಗಳನ್ನಿಡಬಹುದು. ಹೊಗೆ ಕೊಳವೆಯ ಮೂಲಕ ಹೊರಹೋಗುತ್ತದೆ. ಹೊಗೆಯಲ್ಲಿ ಕೂತು ಅಡುಗೆ ಮಾಡುವ ಹೆಂಗಸರ ಕಣ್ಣು, ಶ್ವಾಸಕೋಶಗಳಿಗೆ ಆಗುವ ಹಾನಿಯನ್ನು ನೆನೆದರೆ, ಸೌದೆಯ ಉಳಿತಾಯಕ್ಕಿಂತ ಈ ಕೊಳವೆಯೇ ಹಿರಿದಾದುದು. ಆದರೆ ಮಸಿ ತೆಗೆಯದೆ ಬಿಟ್ಟರೆ ಸೆಳೆತ ತಗ್ಗಿ ಹೊಗೆ ಮತ್ತೆ ಒಳಗೇ ತುಂಬುತ್ತದೆ. ದನಕರುಗಳುಳ್ಳ ಮನೆಗಳಿಗೆ ಗೋಬರ್ ಗ್ಯಾಸ್ ಅನುಕೂಲಕರ. ಅದರಿಂದ ಬರುವ ಬಗ್ಗಡ ತೋಟಕ್ಕೆ ಗೊಬ್ಬರವಾಗುತ್ತದೆ.

ದೀಪ, ಫ್ಯಾನು ಮತ್ತು ಇತರ ಉಪಕರಣಗಳು

60 ವ್ಯಾಟ್‌ನ ಹಳೆಯ ಬಲ್ಬಿನ ಬದಲು 9 ವ್ಯಾಟ್‌ನ ಎಲ್‌ಇಡಿ ಬಳಸಿದರೆ, ದಿನಕ್ಕೆ 5 ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿಯುತ್ತದೆ. ಈ ಬದಲಾವಣೆ ಬಹುತೇಕ ಮನೆಗಳಲ್ಲಿ ಆಗಿಹೋಗಿದೆ. ಫ್ಯಾನಿನ ಕಡೆಗೆ ಮಾತ್ರ ಇನ್ನೂ ಅಷ್ಟು ಗಮನ ಹರಿದಿಲ್ಲ. ಸಾಮಾನ್ಯ ಫ್ಯಾನು 75 ವ್ಯಾಟ್ ಬಳಸಿದರೆ ಬಿಎಲ್‌ಡಿಸಿ ಮೋಟಾರಿನ ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ವರ್ಷಕ್ಕೆ ಸುಮಾರು 197 ಯೂನಿಟ್‌ಗಳ ವ್ಯತ್ಯಾಸ ಬೀಳುತ್ತದೆ.

2001ರ ಇಂಧನ ಸಂರಕ್ಷಣಾ ಕಾಯಿದೆಯನ್ವಯ 2002ರಲ್ಲಿ ಸ್ಥಾಪನೆಯಾದ ಇಂಧನ ದಕ್ಷತಾ ಬ್ಯೂರೋ, 2006ರಿಂದ ಉಪಕರಣಗಳಿಗೆ ನಕ್ಷತ್ರಗಳ ಗುರುತು ನೀಡುತ್ತಿದೆ. ಫ್ರಿಜ್ ಕೊಳ್ಳುವಾಗ ನಕ್ಷತ್ರಗಳ ಜೊತೆಗೆ, ಚೀಟಿಯಲ್ಲಿ ಮುದ್ರಿಸಿರುವ ವಾರ್ಷಿಕ ಯೂನಿಟ್ ಸಂಖ್ಯೆಯನ್ನೂ ಓದಬೇಕು. ದೊಡ್ಡ ಫ್ರಿಜ್ಜಿಗೆ ಹೆಚ್ಚು ನಕ್ಷತ್ರಗಳಿದ್ದರೂ ಅದು ಚಿಕ್ಕ ಫ್ರಿಜ್ಜಿಗಿಂತ ಹೆಚ್ಚು ವಿದ್ಯುತ್ ಬಳಸಬಹುದು.

ನೀರು

ನೀರನ್ನು ಪೋಲು ಮಾಡುವುದೆಂದರೆ ವಿದ್ಯುತ್ತನ್ನೂ ಪೋಲು ಮಾಡಿದಂತೆ. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಹಂತಹಂತವಾಗಿ ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಪಂಪುಗಳ ನಷ್ಟವನ್ನು ಬಿಟ್ಟರೂ 1,000 ಲೀಟರನ್ನು ಇಷ್ಟು ಎತ್ತಲು ಸುಮಾರು 1.4 ಯೂನಿಟ್ ಬೇಕು.

ಮೀಟರ್ ಮತ್ತು ಗೃಹಜ್ಯೋತಿ

ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು 200 ಯೂನಿಟ್ ಮಿತಿಯೊಳಗೆ, ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇಕಡಾ 10ರಷ್ಟು ಸೇರಿಸಿ ಉಚಿತ ವಿದ್ಯುತ್ತಿನ ಪ್ರಮಾಣವನ್ನು ನಿಗದಿಪಡಿಸಿತು. ಬಿಲ್ ಶೂನ್ಯವಾದಾಗ ಮೀಟರ್ ನೋಡುವ ಅಭ್ಯಾಸ ತಪ್ಪುವುದು ಸಹಜ. ಆದರೂ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುವುದರಿಂದ ವಾರಕ್ಕೊಮ್ಮೆ ಅಂಕಿಯನ್ನು ಬರೆದಿಡುವುದು ಉಪಯುಕ್ತ. ರಾತ್ರಿ ಎಲ್ಲವನ್ನೂ ಆರಿಸಿ ಮಲಗುವಾಗ ಒಮ್ಮೆ, ಬೆಳಿಗ್ಗೆ ಏನನ್ನೂ ಚಾಲೂ ಮಾಡುವ ಮುನ್ನ ಇನ್ನೊಮ್ಮೆ ಮೀಟರ್ ಓದಿದರೆ, ಫ್ರಿಜ್ಜು ಹಾಗೂ ಪ್ಲಗ್ಗಿನಲ್ಲೇ ಉಳಿದ ಸೆಟ್‌ಟಾಪ್ ಬಾಕ್ಸ್‌ನಂಥ ಉಪಕರಣಗಳು ಎಷ್ಟು ವಿದ್ಯುತ್ ಬಳಸಿದವೆಂದು ತಿಳಿಯುತ್ತದೆ. ಸದಾ 10 ವ್ಯಾಟ್ ಎಳೆಯುವ ಒಂದು ಉಪಕರಣವು ವರ್ಷಕ್ಕೆ ಸುಮಾರು 88 ಯೂನಿಟ್ ಬಳಸುತ್ತದೆ.