ಮುಖಪುಟದಾಗಿನ ಈಕಿ ಯಾರು?

ಬೆಳಿಗ್ಗೆ ಲೋಕಲ್ ಇಳಿದು, ಸಿಎಸ್‌ಎಂಟಿಯ ಸಬ್‌ವೇ ದಾಟಿ ಫೋರ್ಟ್ ಕಡೆ ಮೆಟ್ಟಿಲು ಹತ್ತಿದರೆ ಒಂದು ಪೇಪರ್ ಅಂಗಡಿ ಸಿಗುತ್ತದೆ. ಅಂಗಡಿ ಎಂದರೆ ಎರಡು ಹಲಗೆ, ಒಂದು ಹಗ್ಗ, ಬಟ್ಟೆ ಒಣಗಿಸುವಾಗ ಸಿಕ್ಕಿಸುವ ಒಂದಷ್ಟು ಕ್ಲಿಪ್ಪು. ಮರಾಠಿ, ಗುಜರಾತಿ, ಹಿಂದಿ ಪತ್ರಿಕೆಗಳು ಒಂದರ ಮೈಮೇಲೆ ಒಂದು ಬಿದ್ದುಕೊಂಡು ತೂಗುತ್ತಿರುತ್ತವೆ. ನಾನು ದಿನವೂ ಅಲ್ಲಿ ಎರಡು ನಿಮಿಷ ನಿಲ್ಲುತ್ತೇನೆ. ಕೊಳ್ಳುವುದು ಅಪರೂಪ. ಅಂಗಡಿಯ ಚಾಚಾನಿಗೂ ಅದು ಗೊತ್ತು, ಬೈಯುವುದಿಲ್ಲ.

ನನ್ನ ಹೊಟ್ಟೆಪಾಡು ಮುಖಪುಟ ಕಟ್ಟುವುದು. ಬೋರಾ ಬಜಾರಿನ ಹತ್ತಿರದ ಓಣಿಯೊಂದರಲ್ಲಿ, ಮೂರನೇ ಮಹಡಿಯ ಸ್ಟುಡಿಯೋದಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ. ಅಡುಗೆ, ಸೀರೆ, ಹಬ್ಬ, ಮನೆ ಅಲಂಕಾರದ ಪತ್ರಿಕೆಗಳಿಗೆ ನಾಲ್ಕು ಭಾಷೆಗಳಲ್ಲಿ ಮುಖಪುಟ ತಯಾರಾಗುತ್ತದೆ. ಕನ್ನಡದ್ದು ನನ್ನ ಪಾಲು. ಸಾಮಾನ್ಯವಾಗಿ ಅದು ಕೊನೆಗೆ ಬರುತ್ತದೆ. ಉಳಿದ ಮೂರು ಭಾಷೆಗೆ ಒಪ್ಪಿಗೆಯಾದ ಫೋಟೊ, ಒಪ್ಪಿಗೆಯಾದ ಬಣ್ಣ, ಮೇಲೆ ಕನ್ನಡದ ಅಕ್ಷರ ಕೂರಿಸಿ ಸಂಜೆಯೊಳಗೆ ಕಳಿಸಬೇಕು.

ಈ ಕಸುಬಿನ ನಿಯಮಗಳನ್ನು ನಾನು ಕಲಿತದ್ದು ಆ ಹಗ್ಗದ ಮುಂದೆಯೇ. ತೂಗುಹಾಕಿದ ಪತ್ರಿಕೆಯ ಪೂರ್ತಿ ಪುಟ ಯಾರಿಗೂ ಕಾಣುವುದಿಲ್ಲ. ಪಕ್ಕದ ಪತ್ರಿಕೆ ಅರ್ಧ ಮುಚ್ಚಿರುತ್ತದೆ, ಕೆಳಗಿನ ಸಾಲು ಕಾಲು ಭಾಗ ತಿಂದಿರುತ್ತದೆ. ಉಳಿಯುವುದು ಮೇಲಿನ ಮೂರನೇ ಒಂದು ಭಾಗ ಮತ್ತು ಎಡಗಡೆಯ ಪಟ್ಟಿ. ಅದಕ್ಕೇ ಹೆಸರು ಮೇಲೆ ಇರುತ್ತದೆ, ಮುಖ್ಯ ಶೀರ್ಷಿಕೆಗಳು ಎಡಕ್ಕೆ ಸಾಲಾಗಿರುತ್ತವೆ, ಬಾರ್‌ಕೋಡ್ ಬಲಗಡೆ ಕೆಳಗೆ ಮೂಲೆಗುಂಪಾಗುತ್ತದೆ. ನಡುವೆ ಹೆಣ್ಣಿನ ಮುಖ, ಎದೆಯಿಂದ ಮೇಲಕ್ಕೆ, ಕಣ್ಣು ನೇರ ಓದುಗರ ಮೇಲೆ. ‘25 ಬಗೆಯ ಉಂಡೆ’ ಎಂಬಂಥ ಒಂದು ಅಂಕಿ ಬೇಕು. ‘ನಿಮ್ಮ ಮಗು ಊಟ ಮಾಡುತ್ತಿಲ್ಲವೇ?’ ಎಂಬಂಥ ಒಂದು ಪ್ರಶ್ನೆಯೂ ಬೇಕು. ವರಮಹಾಲಕ್ಷ್ಮಿಗೆ ರೇಷ್ಮೆ ಸೀರೆ, ದೀಪಾವಳಿಗೆ ಕೈಯಲ್ಲಿ ಹಣತೆ, ಯುಗಾದಿಗೆ ಹಿಂದೆ ಮಾವಿನ ತೋರಣ. ಹಬ್ಬದ ಸಂಚಿಕೆಗೆ ಕಪ್ಪು ಹಿನ್ನೆಲೆ ಇಟ್ಟರೆ ನಮ್ಮ ಸ್ಟುಡಿಯೋದಲ್ಲಿ ಯಾರೂ ಜಗಳವಾಡುವುದಿಲ್ಲ, ಫೈಲ್ ಸುಮ್ಮನೆ ವಾಪಸ್ ಬರುತ್ತದೆ.

ಈ ಹೆಣ್ಣುಮುಖ ಎಲ್ಲಿಂದ ಬಂತು ಎಂದು ಹುಡುಕಿದರೆ ಮತ್ತೆ ಇದೇ ಊರಿಗೆ ಬಂದು ನಿಲ್ಲುತ್ತೇವೆ. ರಾಜಾ ರವಿವರ್ಮ 1894ರಲ್ಲಿ ತಮ್ಮ ಕಲ್ಲಚ್ಚಿನ ಮುದ್ರಣಾಲಯ ಶುರುಮಾಡಿದ್ದು ಮುಂಬಯಿಯಲ್ಲಿ. ಲಕ್ಷ್ಮಿ, ಸರಸ್ವತಿಯರು ಸೀರೆಯುಟ್ಟು ಮನೆಮನೆಯ ಗೋಡೆಗೆ ಹೋದದ್ದು ಆ ಅಚ್ಚಿನಿಂದ. ಮರಾಠಿಯಲ್ಲಿ ‘ಮನೋರಂಜನ’ ಮಾಸಿಕ 1909ರಲ್ಲಿ ದೀಪಾವಳಿ ವಿಶೇಷಾಂಕದ ಸಂಪ್ರದಾಯ ಹಾಕಿತು. ಮುಂದೆ ದೀನಾನಾಥ ದಲಾಲ್, ರಘುವೀರ ಮುಳಗಾಂವಕರ್ ಅವರಂಥ ಕಲಾವಿದರು ಈ ಅಂಕಗಳ ಮುಖಪುಟಕ್ಕೆ ಚೆಲುವೆಯರನ್ನು ಬರೆದರು. ದಲಾಲರು 1945ರಲ್ಲಿ ‘ದೀಪಾವಳಿ’ ಎಂಬ ಪತ್ರಿಕೆಯನ್ನೇ ತೆಗೆದರು. ‘ಫೆಮಿನಾ’ 1959ರಲ್ಲಿ ಹುಟ್ಟಿದ್ದು ಸ್ಟೇಷನ್ನಿನ ಎದುರಿನ ಟೈಮ್ಸ್ ಬಳಗದಿಂದ. ಬಣ್ಣದ ಕುಂಚ ಹೋಗಿ ಕ್ಯಾಮೆರಾ ಬಂದರೂ ಮುಖದ ಭಂಗಿ ಬಹಳ ಬದಲಾಗಲಿಲ್ಲ.

ಈ ಸಾಲಿನಲ್ಲಿ ನಮ್ಮವರೂ ಒಬ್ಬರಿದ್ದಾರೆ. ನಾನು ಕಲಬುರಗಿಯವನು. ಶಾಲೆಯ ಗ್ಯಾದರಿಂಗ್ ಎಂದರೆ ಎಸ್.ಎಂ. ಪಂಡಿತ ರಂಗಮಂದಿರ. ಅಲ್ಲಿ ನಾಟಕದಲ್ಲಿ ಮರವಾಗಿ ನಿಂತಿದ್ದೇನೆ, ಆದರೆ ಪಂಡಿತರು ಯಾರು ಎಂದು ಯಾವತ್ತೂ ಕೇಳಿರಲಿಲ್ಲ. ಕೆಲಸಕ್ಕೆ ಸೇರಿದ ವರ್ಷ ಫ್ಲೋರಾ ಫೌಂಟನ್ ಬಳಿ ಹಳೇ ಪುಸ್ತಕದವನ ರಾಶಿಯಲ್ಲಿ ಹರಿದ ‘ಫಿಲ್ಮ್ ಇಂಡಿಯಾ’ ಒಂದು ಕೈಗೆ ಬಂತು. ಬಾಬುರಾವ್ ಪಟೇಲ್ 1935ರಲ್ಲಿ ಆರಂಭಿಸಿದ ಇಂಗ್ಲಿಷ್ ಸಿನಿಮಾ ಪತ್ರಿಕೆ ಅದು. ಮುಖಪುಟದ ಮೂಲೆಯಲ್ಲಿ ಪಂಡಿತರ ರುಜು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಸಾಂಬಾನಂದ ಮೋನಪ್ಪ ಪಂಡಿತರು ಕಲಿಯಲು ಬಂದದ್ದು ಇದೇ ಡಿ.ಎನ್. ರಸ್ತೆಯ ಜೆ.ಜೆ. ಕಲಾಶಾಲೆಗೆ, ನನ್ನ ಸ್ಟುಡಿಯೋದಿಂದ ಕಾಲ್ನಡಿಗೆಯ ದೂರ. ಸಿನಿಮಾ ಪೋಸ್ಟರು, ಕ್ಯಾಲೆಂಡರು, ಪತ್ರಿಕೆಯ ಮುಖಪುಟ ಎಲ್ಲಕ್ಕೂ ಬರೆದರು. ಕೆನ್ನೆಯ ಮೇಲೆ ಗುಲಾಬಿ ಬೆಳಕು, ತುಟಿಯಲ್ಲಿ ತೇವ, ಹಿಂದೆ ಗಾಢ ಬಣ್ಣ. ಇಂದಿಗೂ ನಾವು ಕಂಪ್ಯೂಟರಿನಲ್ಲಿ ಎಳೆದು ತರಲು ನೋಡುವುದು ಆ ಬೆಳಕನ್ನೇ.

ಕನ್ನಡದ ಮುಖಪುಟಕ್ಕೆ ಅದರದೇ ಒಂದು ಪೇಚು ಇದೆ. ಅದು ನಮ್ಮ ಲಿಪಿಯದು. ಇಂಗ್ಲಿಷ್ ಪತ್ರಿಕೆಗಳಲ್ಲಿ ಮಾಡೆಲ್‌ಳ ತಲೆ ಹೆಸರಿನ ಮೇಲೆ ಹತ್ತಿ ಕೂರುವುದನ್ನು ನೋಡಿದ್ದೀರಿ. ಅಕ್ಷರದ ಕೆಳಭಾಗ ಮುಚ್ಚಿದರೂ ಓದಲು ತೊಂದರೆಯಿಲ್ಲ. ದೇವನಾಗರಿಯಲ್ಲಿ ಮೇಲಿನ ಗೆರೆ ಇಡೀ ಪದವನ್ನು ಹಿಡಿದುಕೊಂಡಿರುತ್ತದೆ. ಕನ್ನಡದಲ್ಲಿ ಒತ್ತಕ್ಷರ ಇಳಿಯುವುದು ಕೆಳಕ್ಕೆ. ತಲೆ ಅಲ್ಲಿಗೆ ತಗುಲಿದರೆ ‘ಮಲ್ಲಿಗೆ’ ಹೋಗಿ ‘ಮಲಿಗೆ’ ಆಯಿತು, ‘ಅಮ್ಮ’ ಹೋಗಿ ‘ಅಮ’ ಆಯಿತು. 1965ರ ‘ಸುಧಾ’, 1968ರ ‘ಮಯೂರ’, 1983ರ ‘ತರಂಗ’, ಜೊತೆಗೆ ‘ತುಷಾರ’, ಈ ಹೆಸರುಗಳನ್ನೊಮ್ಮೆ ಬರೆದು ನೋಡಿ. ಒಂದರಲ್ಲೂ ಒತ್ತಿಲ್ಲ. ಅದಕ್ಕಾಗಿಯೇ ಆ ಹೆಸರಿಟ್ಟರು ಎಂದು ನಾನು ಹೇಳುವುದಿಲ್ಲ, ಆದರೆ ಅವುಗಳ ಕೆಳಗೆ ಕೆಲಸ ಮಾಡುವ ಡಿಸೈನರ್ ಪುಣ್ಯವಂತ. ‘ಕಸ್ತೂರಿ’, ‘ಪ್ರಜಾಮತ’, ‘ಗೃಹಶೋಭಾ’ಗಳಲ್ಲಿ ಹೆಸರಿನ ಕೆಳಗೂ ಜಾಗ ಬಿಡಬೇಕು. ನಮ್ಮಲ್ಲಿ ಕನ್ನಡ ಬಾರದ ಸಹೋದ್ಯೋಗಿಯೊಬ್ಬ ಆ ಒತ್ತನ್ನು ‘ಕೆಳಗಿನ ಡಿಸೈನ್’ ಎಂದುಕೊಂಡು ಅಳಿಸಿಯೇ ಬಿಟ್ಟಿದ್ದ. ಅವನ ತಪ್ಪೆಂದು ಹೇಗೆ ಹೇಳಲಿ?

ಹಾಗೆಂದು ಮುಂಬಯಿ ಕನ್ನಡದ ಅಕ್ಷರಕ್ಕೆ ಪರಕೀಯವೇನಲ್ಲ. ವಿಂಡೋಸ್ ಜೊತೆ ಬಂದ ‘ತುಂಗಾ’ ಫಾಂಟಿನ ಹಿಂದಿದ್ದವರು ಇಲ್ಲಿನ ಅಕ್ಷರ ಕಲಾವಿದ ಆರ್.ಕೆ. ಜೋಶಿ. ಶೀರ್ಷಿಕೆಗಳಿಗೆ ನಾನು ಬಳಸುವ ದಪ್ಪನೆಯ ‘ಬಾಲೂ ತಮ್ಮ’ವನ್ನು ಮಾಡಿದ್ದೂ ಇಲ್ಲಿನ ‘ಏಕ್ ಟೈಪ್’ ತಂಡ.

ಇನ್ನೊಂದು ಪೇಚು ಕನ್ನಡಿಯದು. ಶೀರ್ಷಿಕೆಗೆ ಎಡಗಡೆ ಜಾಗ ಸಾಲದಾಗ ಫೋಟೊವನ್ನು ಅಡ್ಡಕ್ಕೆ ತಿರುಗಿಸಿಬಿಡುವುದು ಈ ಕಸುಬಿನ ಹಳೇ ಸುಲಭೋಪಾಯ. ಮುಖಕ್ಕೇನೂ ಆಗುವುದಿಲ್ಲ, ಆದರೆ ಸೆರಗು ಬಲಹೆಗಲಿಗೆ ಬಂದು ಕೂರುತ್ತದೆ. ಗುಜರಾತಿ ಸಂಚಿಕೆಯಲ್ಲಿ ಅದನ್ನು ಯಾರೂ ಕೇಳಲಿಕ್ಕಿಲ್ಲ, ಅಲ್ಲಿ ಬಲಹೆಗಲಿನಿಂದ ಸೆರಗು ಮುಂದೆ ಬಿಡುವುದುಂಟು. ನಮ್ಮಲ್ಲಿ ಮಾತ್ರ ಮರುವಾರವೇ ಪತ್ರ ಬರುತ್ತದೆ. ಎರಡು ಬಟ್ಟಲಿನ ಮರಾಠಿ ಮಂಗಳಸೂತ್ರ ಹಾಗೇ ಕನ್ನಡಕ್ಕೆ ಬಂದಾಗಲೂ ಬಂದಿತ್ತು. ನಿಯಮ ಮುರಿಯುವವರೂ ಈ ಗುರುತುಗಳನ್ನು ಬಿಡುವುದಿಲ್ಲ. 2018ರಲ್ಲಿ ಮಲಯಾಳದ ‘ಗೃಹಲಕ್ಷ್ಮಿ’ ಮಗುವಿಗೆ ಹಾಲೂಡಿಸುವ ಹೆಣ್ಣನ್ನು ಮುಖಪುಟಕ್ಕೆ ತಂದು ದೇಶದಾದ್ಯಂತ ಸುದ್ದಿಯಾಯಿತು. ಅಷ್ಟು ಧೈರ್ಯದ ಚಿತ್ರದಲ್ಲೂ ಅವಿವಾಹಿತ ರೂಪದರ್ಶಿಯ ಬೈತಲೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ ಇತ್ತು.

ಇಷ್ಟೆಲ್ಲ ಹೇಳಿ ಬಣ್ಣದ ಮಾತು ತೆಗೆಯದೆ ಹೋದರೆ ಅರ್ಧ ಸುಳ್ಳು ಹೇಳಿದಂತೆ.

ಅಚ್ಚಿನಲ್ಲಿ ಚಿತ್ರ ಎಂದರೆ ಚುಕ್ಕಿಗಳು. ನೀಲಿ, ಗುಲಾಬಿ, ಹಳದಿ, ಕಪ್ಪು, ನಾಲ್ಕೇ ಶಾಯಿ. ಕಾಗದ ಶಾಯಿ ಕುಡಿದಷ್ಟೂ ಚುಕ್ಕಿ ಹಿಗ್ಗುತ್ತದೆ. ಪತ್ರಿಕೆಯ ಸಾದಾ ಕಾಗದದಲ್ಲಿ ಶೇ 50 ಇಟ್ಟ ಚುಕ್ಕಿ ಅಚ್ಚಾದ ಮೇಲೆ ಶೇ 70 ದಾಟುವುದುಂಟು. ಹಾಗಾಗಿ ಮುಖ ಮಸಿಯಾಗದಿರಲೆಂದು ಹಿಂದಿನವರು ಮೊದಲೇ ಸ್ವಲ್ಪ ತಿಳಿ ಮಾಡಿ ಪ್ರೆಸ್ಸಿಗೆ ಕಳಿಸುತ್ತಿದ್ದರು. ಅದು ಕಾಗದಕ್ಕಾಗಿ ಮಾಡುತ್ತಿದ್ದ ಕೆಲಸ. ನಯವಾದ ಹೊಳಪಿನ ಕಾಗದ ಬಂತು, ಚುಕ್ಕಿಯ ಹಿಗ್ಗು ಕಡಿಮೆಯಾಯಿತು. ತಿಳಿ ಮಾಡುವ ಅಭ್ಯಾಸ ಮಾತ್ರ ಉಳಿಯಿತು. ಈಗ ಅದಕ್ಕೆ ‘ಫ್ರೆಶ್ ಲುಕ್’ ಎಂದು ಹೆಸರು. ಚರ್ಮದಿಂದ ನೀಲಿಯನ್ನೂ ಕಪ್ಪನ್ನೂ ತೆಗೆದರೆ ಉಳಿಯುವುದು ಹಳದಿ ಮತ್ತು ಗುಲಾಬಿ. ಹತ್ತು ನಿಮಿಷದ ಕೆಲಸ. ನೂರಾರು ಸಲ ಮಾಡಿದ್ದೇನೆ.

ನಾಲ್ಕು ವರ್ಷದ ಹಿಂದೆ ಸಂಕ್ರಾಂತಿ ಸಂಚಿಕೆಗೆ ಮಾಡೆಲ್ ಬೇಡ, ನಿಜವಾದ ಹೆಣ್ಣುಮಗಳು ಬೇಕು ಎಂದು ಸಂಪಾದಕರಿಗೆ ಅನಿಸಿತು. ನಾನು ನಮ್ಮೂರಿನ ರೊಟ್ಟಿ ಕಾಕುವಿನ ಹೆಸರು ಹೇಳಿದೆ. ಅವ್ವ ಇಪ್ಪತ್ತು ವರ್ಷದಿಂದ ಆಕೆಯ ಹತ್ತಿರವೇ ರೊಟ್ಟಿ ಕೊಳ್ಳುತ್ತಾಳೆ. ಛಾಯಾಗ್ರಾಹಕ ಹೋಗಿ ಬಂದ. ಫೋಟೊ ನೋಡಿ ನನಗೇ ಮೈ ಜುಮ್ಮೆಂದಿತು. ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಒಲೆಯ ಕೆಂಪು ಒಂದು ಕೆನ್ನೆಯ ಮೇಲೆ. ಎಣ್ಣೆ ಹಚ್ಚಿದ ಕರಿಕಲ್ಲಿನಂಥ ಬಣ್ಣ. ಮುಂದೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ರಾಶಿ.

ಮೇಲಿನಿಂದ ಸೂಚನೆ ಬಂತು: ಹಬ್ಬದ ಸಂಚಿಕೆ, ಬ್ರೈಟ್ ಮಾಡಿ. ಮಾಡಿದೆ. ಮತ್ತೆ ಬಂತು: ಇನ್ನೂ ಸ್ವಲ್ಪ. ಅದನ್ನೂ ಮಾಡಿದೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. ಒಂದು ಮಾತು ಎದುರಾಡಿದ್ದರೆ ಕೆಲಸವೇನೂ ಹೋಗುತ್ತಿರಲಿಲ್ಲ. ನನಗೆ ಹಾಗೆ ಹೊಳೆಯಲೇ ಇಲ್ಲ ಎಂಬುದೇ ಇವತ್ತಿಗೂ ಕೊರೆಯುತ್ತದೆ.

ಎರಡು ಪ್ರತಿ ಮನೆಗೆ ಕಳಿಸಿದೆ. ಅವ್ವ ಒಂದನ್ನು ಕಾಕುವಿಗೆ ಕೊಟ್ಟು ಅಲ್ಲಿಂದಲೇ ಫೋನ್ ಮಾಡಿದಳು. ಕಾಕು ಮಾತಾಡಿದಳು.

“ತಮ್ಮಾ, ಇದರಾಗಿನ ಈಕಿ ಯಾರೋ?”

ನಗುತ್ತ “ನೀನೇ ಕಾಕು” ಎಂದೆ.

“ಮಾರಿ ನಂದೇ ಅದ. ಬಣ್ಣ ನಂದಲ್ಲ. ಹೋಗ್ಲಿ ಬಿಡು, ನನ್ನ ಬಣ್ಣದಾಗ ಏನದ. ಆದ್ರ ಸಜ್ಜಿ ರೊಟ್ಟಿ ಜ್ವಾಳದ ರೊಟ್ಟಿ ಆಗಿಬಿಟ್ಟಾವಲ್ಲೋ. ನೋಡಿದ ಮಂದಿ, ಈಕಿಗೆ ಸಜ್ಜಿ ರೊಟ್ಟಿ ಬಡಿಲಿಕ್ಕೇ ಬರಂಗಿಲ್ಲ ಅಂತಾರ.”

ಫೈಲ್ ತೆರೆದು ನೋಡಿದೆ. ನಿಜ. ಮುಖ ತಿಳಿ ಮಾಡುವ ಭರದಲ್ಲಿ ಇಡೀ ಚಿತ್ರಕ್ಕೆ ಕೈ ಹಾಕಿದ್ದೆ. ಸಜ್ಜೆಯ ಬೂದು ಹೋಗಿ ರೊಟ್ಟಿ ಬೆಳ್ಳಗೆ ನಿಂತಿತ್ತು. ಬೆಳ್ಳಗಿನ ರೊಟ್ಟಿಯ ಮೇಲೆ ಬಿಳಿ ಎಳ್ಳು ಕಾಣುತ್ತಲೇ ಇರಲಿಲ್ಲ. ಕಲಬುರಗಿಯವನಾಗಿ ಜೋಳಕ್ಕೂ ಸಜ್ಜೆಗೂ ವ್ಯತ್ಯಾಸ ಅಳಿಸಿದ್ದೆ, ಮೂರು ಜನ ಸಹಿ ಹಾಕಿದ್ದರು, ಯಾರಿಗೂ ತಿಳಿದಿರಲಿಲ್ಲ. ಓಣಿಯ ಹೆಣ್ಣುಮಕ್ಕಳು “ಮುಂಬೈ ಪೌಡರ್ ಭಾಳ ಛಲೋ ಅದ” ಎಂದು ಕಾಡಿಸಿದರಂತೆ. ಕಾಕು ಆ ಪ್ರತಿಯನ್ನು ಟ್ರಂಕಿನಲ್ಲಿಟ್ಟಳು ಎಂದು ಅವ್ವ ಆಮೇಲೆ ಹೇಳಿದಳು. ಗೋಡೆಗೆ ಹಚ್ಚಲಿಲ್ಲ.

ಮರುವರ್ಷ ಯುಗಾದಿ ಸಂಚಿಕೆಗೆ ನಾನು ಮೊದಲ ಬಾರಿ ಹಟ ಹಿಡಿದೆ. ನ್ಯಾಯ, ಅನ್ಯಾಯ ಎಂದರೆ ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಅಚ್ಚಿನ ಮಾತಾದರೆ ಕೇಳುತ್ತಾರೆ. ಕಪ್ಪು ಮೈಬಣ್ಣ ಮಂಕಾಗುವುದು ಮೈಬಣ್ಣದಿಂದಲ್ಲ, ಎದುರಿನಿಂದ ಚಪ್ಪಟೆಯಾಗಿ ಬೀಳುವ ಬೆಳಕಿನಿಂದ ಮತ್ತು ಗಾಢ ಹಿನ್ನೆಲೆಯಿಂದ. ಬೆಳಕು ಪಕ್ಕದಿಂದ ಬರಲಿ, ಹಿಂದೆ ಅರಿಶಿನದ ಹಳದಿ ಇರಲಿ, ಕಪ್ಪು ಶಾಯಿ ಕಡಿಮೆ ಮಾಡಿ, ನೀಲಿಯನ್ನು ಮುಟ್ಟಬೇಡಿ ಎಂದೆ. ಛಾಯಾಗ್ರಾಹಕ ಒಪ್ಪಿದ. ಎರಡು ಪ್ರೂಫ್ ತೆಗೆಸಿ, ಒಂದು ತಿಳಿ, ಒಂದು ಇದ್ದಂತೆ, ಸಂಪಾದಕರನ್ನು ಚಾಚಾನ ಅಂಗಡಿಗೆ ಕರೆದೊಯ್ದೆ. ಹಗ್ಗಕ್ಕೆ ಸಿಕ್ಕಿಸಿ ಹತ್ತು ಹೆಜ್ಜೆ ಹಿಂದೆ ನಿಂತೆವು. ತಿಳಿ ಮುಖ ಉಳಿದ ತಿಳಿ ಮುಖಗಳ ನಡುವೆ ಕಳೆದುಹೋಯಿತು. ಇನ್ನೊಂದು ಕಾಣುತ್ತಿತ್ತು. ಸಂಪಾದಕರು ತುಸು ಹೊತ್ತು ನೋಡಿ “ಈ ಸಲ ಹೋಗಲಿ” ಎಂದರು.

ಆ ಸಂಚಿಕೆ ಹೆಚ್ಚೇನೂ ಮಾರಲಿಲ್ಲ, ಕಡಿಮೆಯೂ ಆಗಲಿಲ್ಲ. ಅದಾದ ಮೇಲೆ ಮೂರು ಸಲ ಗೆದ್ದಿದ್ದೇನೆ, ಅದಕ್ಕಿಂತ ಹೆಚ್ಚು ಸಲ ಸೋತಿದ್ದೇನೆ.

ಯುಗಾದಿಯ ಮುಖಪುಟಕ್ಕೆ ಮತ್ತೆ ಕಾಕುವನ್ನೇ ಕೇಳಿದ್ದೆ. “ಒಮ್ಮೆ ಆತಲ್ಲಪಾ, ಸಾಕು” ಎಂದಳು. ಬೇರೆ ಹೆಣ್ಣುಮಗಳು ಬಂದಳು. ಅಚ್ಚಾದ ಪ್ರತಿಯನ್ನು ಅವ್ವ ಕಾಕುವಿನ ಮನೆಗೆ ಒಯ್ದು ಕೊಟ್ಟಳಂತೆ. ಒಲೆ ಮುಂದೆ ಕೂತೇ, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಬಹಳ ಹೊತ್ತು ನೋಡಿದಳಂತೆ.

“ಈಕಿದು ಯಾವ ಊರಂತ?” ಎಂದು ಕೇಳಿದಳಂತೆ.